ಮೇಜರ್ ವಿಂಟರ್ಸ್ ನಡೆದ ದಾರಿಯಲ್ಲಿ ಅಪ್ಪನ ಜೊತೆ ಏಳು ದಿನ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ನಾನು ಬಂದು ಆರು ವರ್ಷವಾಯಿತು. ಇಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 18ರ ಸಂಜೆ ಊರ ಮಧ್ಯದ ಚೌಕದಲ್ಲಿ ಜನ ಸೇರುತ್ತಾರೆ. ಅಲ್ಲಿ ಬೆಂಕಿ ಹಚ್ಚುತ್ತಾರೆ. ಅವತ್ತಿನಿಂದ ರಸ್ತೆ ರಸ್ತೆಯಲ್ಲೂ ದೀಪದ ಅಲಂಕಾರ. ಮೊದಲ ವರ್ಷ ನಾನು ಅದನ್ನು ಇಲ್ಲಿಯವರ ದೀಪಾವಳಿ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜಿ ಕೂರಿಸಿಕೊಂಡು ಹೇಳಿದ ಮೇಲೆ ವಿಷಯ ಗೊತ್ತಾಯಿತು. 1944ರ ಅದೇ ದಿನ ಅಮೆರಿಕದ ಪ್ಯಾರಾಚೂಟ್ ಸೈನಿಕರು ನಡೆದುಕೊಂಡು ಈ ಊರೊಳಗೆ ಬಂದರು. ನಾಲ್ಕು ವರ್ಷದ ಜರ್ಮನ್ ಆಳ್ವಿಕೆ ಅವತ್ತಿಗೆ ಮುಗಿಯಿತು.

ಬಂದದ್ದು 101ನೇ ಏರ್‌ಬೋರ್ನ್ ಡಿವಿಜನ್‌ನ 506ನೇ ಪ್ಯಾರಾಚೂಟ್ ಇನ್‌ಫೆಂಟ್ರಿ ರೆಜಿಮೆಂಟ್. ಅದರ ಒಂದು ತುಕಡಿಯಾದ 'ಈಸಿ' ಕಂಪನಿಯನ್ನು ನಡೆಸುತ್ತಿದ್ದವರು ಕ್ಯಾಪ್ಟನ್ ರಿಚರ್ಡ್ ವಿಂಟರ್ಸ್. ಆಗ ಅವರಿಗೆ 26 ವರ್ಷ. ಅವರ ಬಗ್ಗೆ ಓದುತ್ತಾ ಹೋದಷ್ಟೂ ನನಗೆ ಅಪ್ಪನ ನೆನಪು ಜಾಸ್ತಿಯಾಯಿತು.

ಅಪ್ಪ ನಮ್ಮ ಸೇನೆಯ ಪ್ಯಾರಾಚೂಟ್ ರೆಜಿಮೆಂಟ್‌ನಲ್ಲಿದ್ದವರು. ಆಗ್ರಾದಲ್ಲಿ ವಿಮಾನದಿಂದ ಜಿಗಿಯುವುದು ಕಲಿತರು. ಕೊನೆಯ ಕೆಲವು ವರ್ಷ ಬೆಂಗಳೂರಿನ ಟ್ರೈನಿಂಗ್ ಸೆಂಟರ್‌ನಲ್ಲಿ ಹೊಸ ಹುಡುಗರಿಗೆ ಉಸ್ತಾದ್ ಆಗಿದ್ದರು. ಹವಾಲ್ದಾರ್ ಆಗಿ ನಿವೃತ್ತರಾಗಿ ಅರಸೀಕೆರೆ ಹತ್ತಿರದ ಊರಿಗೆ ವಾಪಸಾದರು. ಈಗ ತೆಂಗಿನ ತೋಟ, ಎರಡು ಎಕರೆ ರಾಗಿ ಹೊಲ. 2023ರ ಸೆಪ್ಟೆಂಬರ್‌ನಲ್ಲಿ ಅವರು ನಮ್ಮ ಮನೆಗೆ ಬಂದಾಗ ನಾನು ಏಳು ದಿನ ರಜೆ ಹಾಕಿದೆ.

ಮೊದಲ ದಿನ, ಸೆಪ್ಟೆಂಬರ್ 12

ಬೆಳಗ್ಗೆ ಆರಕ್ಕೆ ಹೊರಟೆವು. ಫ್ರಾನ್ಸ್‌ನ ನಾರ್ಮಂಡಿಗೆ ಸುಮಾರು 700 ಕಿಲೋಮೀಟರ್. ವಿಂಟರ್ಸ್ ಮೊದಲ ಸಲ ಯುದ್ಧಕ್ಕೆ ಇಳಿದದ್ದು ಅಲ್ಲಿ. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ಹುರಿಗಾಳು. ಅಪ್ಪ ಕಾರು ಹತ್ತುವ ಮೊದಲು ನನ್ನ ಶೂ ನೋಡಿದರು. "ಒಂದು ಜೊತೆ ಕಾಲುಚೀಲ ಜಾಸ್ತಿ ಇಟ್ಕೊಳವ್ವಾ. ಕಾಲು ಒದ್ದೆಯಾದ್ರೆ ಮನುಷ್ಯ ಅರ್ಧ ಸೋತ ಹಾಗೆ" ಅಂದರು.

ದಾರಿಯುದ್ದಕ್ಕೂ ನಾನು ವಿಂಟರ್ಸ್ ಕಥೆ ಹೇಳಿದೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯವರು, ಹುಟ್ಟಿದ್ದು 1918ರಲ್ಲಿ. ಕಾಲೇಜು ಮುಗಿಸಿ 1941ರ ಆಗಸ್ಟ್‌ನಲ್ಲಿ ಸೈನ್ಯ ಸೇರಿದರು. ಸೇರಿದ ಕಾರಣ ತುಂಬಾ ಸಾದಾ. ಹೇಗೂ ಒಂದು ವರ್ಷದ ಕಡ್ಡಾಯ ಸೇವೆ ಇದೆ, ಬೇಗ ಮುಗಿಸಿ ಮನೆಗೆ ಬರೋಣ ಅಂತ. ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಒಂದು ವರ್ಷದ ಲೆಕ್ಕ ಅಲ್ಲಿಗೆ ಹೋಯಿತು. ಆಫೀಸರ್ ತರಬೇತಿ ಮುಗಿಸಿ 1942ರ ಜುಲೈನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು, ಪ್ಯಾರಾಚೂಟ್ ಪಡೆಗೆ ಹೆಸರು ಕೊಟ್ಟರು.

ಅಪ್ಪ ಕೇಳಿದ ಮೊದಲ ಪ್ರಶ್ನೆ: "ಜಂಪ್ ಭತ್ಯೆ ಎಷ್ಟಿತ್ತಂತೆ?" ಜವಾನರಿಗೆ ತಿಂಗಳಿಗೆ 50 ಡಾಲರ್, ಆಫೀಸರ್‌ಗಳಿಗೆ 100 ಅಂದೆ. ಅಪ್ಪ ತಲೆಯಾಡಿಸಿದರು. ಅವರ ಕಾಲದಲ್ಲೂ ಆ ಭತ್ಯೆಯಿಂದಲೇ ನಮ್ಮ ಅಜ್ಜನ ಸಾಲ ತೀರಿದ್ದು.

ಜಾರ್ಜಿಯಾ ರಾಜ್ಯದ ಟೊಕೋವಾ ಅನ್ನುವ ಊರಿನ ಕ್ಯಾಂಪಿನಲ್ಲಿ ಇವರ ತರಬೇತಿ. ಪಕ್ಕದಲ್ಲೇ ಕರಾಹೀ ಬೆಟ್ಟ. ಚೆರೋಕಿ ಜನರ ಮಾತಿನಲ್ಲಿ ಆ ಹೆಸರಿಗೆ 'ಒಂಟಿಯಾಗಿ ನಿಂತದ್ದು' ಅಂತ ಅರ್ಥ. ಮೇಲಕ್ಕೆ ಮೂರು ಮೈಲಿ, ಕೆಳಕ್ಕೆ ಮೂರು ಮೈಲಿ, ಓಡಬೇಕು. ಈ ರೆಜಿಮೆಂಟ್‌ಗೆ ಬರುತ್ತೇವೆ ಅಂದ 500 ಆಫೀಸರ್‌ಗಳಲ್ಲಿ ಉಳಿದವರು 148. 5,300 ಜವಾನರಲ್ಲಿ ಉಳಿದವರು 1,800. 1942ರ ಡಿಸೆಂಬರ್ ಚಳಿಯಲ್ಲಿ ವಿಂಟರ್ಸ್ ಇದ್ದ ಬೆಟಾಲಿಯನ್ ಟೊಕೋವಾದಿಂದ ಅಟ್ಲಾಂಟಾವರೆಗೆ ಪೂರ್ತಿ ಹೊರೆ ಹೊತ್ತು ಸುಮಾರು 190 ಕಿಲೋಮೀಟರ್ ನಡೆಯಿತು, ಮೂರು ದಿನದಲ್ಲಿ. ಆಮೇಲೆ ಫೋರ್ಟ್ ಬೆನ್ನಿಂಗ್‌ನಲ್ಲಿ ಐದು ಜಂಪ್ ಮಾಡಿ ಎದೆಗೆ ಬೆಳ್ಳಿ ರೆಕ್ಕೆ. "ನಮಗೂ ಐದೇ. ಅದ್ರಲ್ಲಿ ಒಂದು ರಾತ್ರಿದು" ಅಂದರು ಅಪ್ಪ.

ಕಂಪನಿ ಕಮಾಂಡರ್ ಹರ್ಬರ್ಟ್ ಸೋಬೆಲ್ ಬಹಳ ಕಠಿಣ ಮನುಷ್ಯ. ಸಣ್ಣ ತಪ್ಪಿಗೂ ಶಿಕ್ಷೆ. ಇಂಗ್ಲೆಂಡಿಗೆ ಬಂದ ಮೇಲೆ 1943ರ ಅಕ್ಟೋಬರ್‌ನಲ್ಲಿ ಶೌಚಾಲಯದ ತಪಾಸಣೆಗೆ ತಡವಾಗಿ ಬಂದೆ ಅಂತ ವಿಂಟರ್ಸ್ ಮೇಲೆ ಆರೋಪ ಹೊರಿಸಿದರು. ತಪಾಸಣೆ ಹತ್ತಕ್ಕೆ ಎಂದು ಹೇಳಿ, ಆಮೇಲೆ ಹದಿನೈದು ನಿಮಿಷ ಮುಂಚೆ ಮಾಡಿದ್ದು ಸೋಬೆಲ್ ಅವರೇ. ವಿಂಟರ್ಸ್ ಶಿಕ್ಷೆ ಒಪ್ಪಲಿಲ್ಲ. ಕೋರ್ಟ್ ಮಾರ್ಷಲ್ ಮಾಡಿ ಅಂತ ಬರೆದುಕೊಟ್ಟರು. ಆಮೇಲೆ ಕಂಪನಿಯ ಸಾರ್ಜೆಂಟ್‌ಗಳು ಸೋಬೆಲ್ ಕೈಕೆಳಗೆ ಯುದ್ಧಕ್ಕೆ ಹೋಗುವುದಿಲ್ಲ ಅಂತ ಕಾಗದ ಕೊಟ್ಟುಬಿಟ್ಟರು.

ಅಪ್ಪನಿಗೆ ಈ ಭಾಗ ಸರಿ ಬರಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದರು. "ಯುದ್ಧದ ಮುಂಚೆ ಹಂಗೆ ಮಾಡಿದ್ರೆ ಗುಂಡಿಕ್ಕಬಹುದು ಕಣವ್ವಾ" ಅಂದರು. ನಿಜ, ಆ ಸಾರ್ಜೆಂಟ್‌ಗಳಿಗೂ ಅದು ಗೊತ್ತಿತ್ತು. ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ರಾಬರ್ಟ್ ಸಿಂಕ್ ಆ ಸಾರ್ಜೆಂಟ್‌ಗಳನ್ನು ಬೈದು ಕಳಿಸಿದರು, ಆದರೆ ಸೋಬೆಲ್ ಅವರನ್ನು ಬೇರೆ ಕಡೆ ಹಾಕಿದರು. ಈಸಿ ಕಂಪನಿ ಅಷ್ಟು ಗಟ್ಟಿಯಾದದ್ದು ಸೋಬೆಲ್ ಕೊಟ್ಟ ತರಬೇತಿಯಿಂದ ಅಂತ ಆ ಹುಡುಗರೇ ಮುಂದೆ ಹೇಳಿದ್ದಾರೆ. ನಾನು ಅದನ್ನು ಹೇಳಿದ ಮೇಲೆ ಅಪ್ಪನಿಗೆ ಸ್ವಲ್ಪ ಸಮಾಧಾನವಾಯಿತು. ಅವರೂ ಉಸ್ತಾದ್ ಆಗಿದ್ದವರಲ್ವಾ.

ಕತ್ತಲಾಗುವಾಗ ಕಾರೆಂಟಾನ್ ತಲುಪಿದೆವು.

ಎರಡನೇ ದಿನ, ಸೆಪ್ಟೆಂಬರ್ 13

ಮೊದಲು ಸೇಂಟ್ ಮೇರ್ ಎಗ್ಲೀಸ್. ಸಣ್ಣ ಊರು. ಮಧ್ಯದಲ್ಲಿ ಹಳೇ ಕಲ್ಲಿನ ಚರ್ಚು. ಅದರ ಗೋಪುರದಿಂದ ಒಂದು ಪ್ಯಾರಾಚೂಟ್, ಅದಕ್ಕೆ ಸಿಕ್ಕಿಕೊಂಡ ಸೈನಿಕನ ಬೊಂಬೆ ನೇತಾಡುತ್ತಿದೆ. ಅದು 82ನೇ ಡಿವಿಜನ್‌ನ ಜಾನ್ ಸ್ಟೀಲ್ ನೆನಪಿಗೆ. ಅವರು ನಿಜವಾಗಿಯೂ ಅಲ್ಲಿ ಸಿಕ್ಕಿಹಾಕಿಕೊಂಡು ಸತ್ತವರ ಹಾಗೆ ನಟಿಸಿ ಬದುಕಿದರು. ಪಕ್ಕದ ಮ್ಯೂಸಿಯಂನಲ್ಲಿ ಒಂದು ಸಿ-47 ವಿಮಾನ ನಿಲ್ಲಿಸಿದ್ದಾರೆ. ಅಪ್ಪ ಬಹಳ ಹೊತ್ತು ಅದರ ಬಾಗಿಲನ್ನೇ ನೋಡುತ್ತಾ ನಿಂತರು.

1944ರ ಜೂನ್ 5ರ ರಾತ್ರಿ ಇಂಗ್ಲೆಂಡಿನ ಅಪಾಟರಿ ವಿಮಾನ ನಿಲ್ದಾಣದಿಂದ ಈಸಿ ಕಂಪನಿ ಇಂಥ ವಿಮಾನಗಳಲ್ಲೇ ಹೊರಟಿತು. ಆ ರಾತ್ರಿ ನಾರ್ಮಂಡಿಯಲ್ಲಿ ಇಳಿದ ಅಮೆರಿಕದ ಪ್ಯಾರಾ ಸೈನಿಕರು ಸುಮಾರು 13,000. ಮೋಡ, ಕೆಳಗಿನಿಂದ ಗುಂಡಿನ ಮಳೆ. ಪೈಲಟ್‌ಗಳು ವೇಗ ಜಾಸ್ತಿ ಮಾಡಿದರು. ಜಿಗಿಯುವಾಗ ವಿಮಾನದ ವೇಗ ಹೆಚ್ಚಿದ್ದರೆ ಏನಾಗುತ್ತದೆ ಅಂತ ಅಪ್ಪನನ್ನು ಕೇಳಿದೆ. "ಪ್ಯಾರಾಚೂಟ್ ಬಿಚ್ಚಿಕೊಳ್ಳೋವಾಗ ಜಗ್ಗುತ್ತಲ್ಲ, ಆ ಜಗ್ಗಿಗೆ ಮೈಮೇಲಿರೋದೆಲ್ಲ ಕಿತ್ಕೊಂಡು ಹೋಗುತ್ತೆ" ಅಂದರು. ಹಾಗೇ ಆಯಿತು. ಕಾಲಿಗೆ ಕಟ್ಟಿಕೊಂಡಿದ್ದ ಚೀಲಗಳು ಹರಿದು ಬಿದ್ದವು. ವಿಂಟರ್ಸ್ ಈ ಊರಿನ ಅಂಚಿನಲ್ಲಿ ಇಳಿದಾಗ ಕೈಯಲ್ಲಿ ಬಂದೂಕೇ ಇರಲಿಲ್ಲ. ಬೂಟಿನಲ್ಲಿ ಒಂದು ಚಾಕು, ಅಷ್ಟೇ.

ಸೋಬೆಲ್ ಜಾಗಕ್ಕೆ ಬಂದಿದ್ದ ಕಂಪನಿ ಕಮಾಂಡರ್ ಥಾಮಸ್ ಮೀಹನ್ ಇದ್ದ ವಿಮಾನ ಬೋಜ್‌ವಿಲ್ ಹತ್ತಿರ ಬಿದ್ದು ಉರಿದುಹೋಯಿತು. ಒಬ್ಬರೂ ಉಳಿಯಲಿಲ್ಲ. ವಿಂಟರ್ಸ್‌ಗೆ ಅದು ಗೊತ್ತಿರಲಿಲ್ಲ. ಕತ್ತಲಲ್ಲಿ ಒಬ್ಬೊಬ್ಬರನ್ನೇ ಸೇರಿಸಿಕೊಂಡು ಏಳೆಂಟು ಕಿಲೋಮೀಟರ್ ನಡೆದು ಬೆಳಗ್ಗೆ ಲ ಗ್ರಾಂ ಶೆಮ್ಯಾಂ ಅನ್ನುವ ಹಳ್ಳಿ ಮುಟ್ಟಿದರು. ಅಲ್ಲಿಗೆ ಬಂದಾಗ ಅವರ ಕಂಪನಿಯವರು ಹನ್ನೆರಡು ಹದಿಮೂರು ಮಂದಿ ಮಾತ್ರ.

ಮಧ್ಯಾಹ್ನ ನಾವು ಅದೇ ಹಳ್ಳಿಯ ಹತ್ತಿರ ಬ್ರೆಕೂರ್ ಮನೆಯ ಹೊಲದ ಪಕ್ಕ ನಿಂತಿದ್ದೆವು. ನಾನು ಈ ಪ್ರವಾಸ ಹೊರಟದ್ದೇ ಈ ಹೊಲಕ್ಕಾಗಿ. ನೋಡಲು ಏನೂ ಇಲ್ಲ. ಹಸಿರು ಹುಲ್ಲು, ನಾಲ್ಕು ಹಸು, ಸುತ್ತ ಎತ್ತರದ ಬೇಲಿ. ಹೊಲ ಖಾಸಗಿಯವರದು, ಒಳಗೆ ಹೋಗುವಂತಿಲ್ಲ. ರಸ್ತೆ ಬದಿಯಲ್ಲಿ ಈಸಿ ಕಂಪನಿಯ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ.

ಈ ಬೇಲಿಯನ್ನು ಸ್ವಲ್ಪ ವಿವರಿಸಬೇಕು. ಮೊದಲು ಆಳೆತ್ತರದ ಮಣ್ಣಿನ ಬದು. ಅದರ ಮೇಲೆ ನೂರಾರು ವರ್ಷದ ಮರ, ಪೊದೆ. ಬೇರು ಮಣ್ಣೊಳಗೆ ಹೆಣೆದುಕೊಂಡು ಗೋಡೆಯಂತಾಗಿದೆ. ಅಪ್ಪ ಕೈಯಿಂದ ಬದುವಿನ ಮಣ್ಣು ಒತ್ತಿ ನೋಡಿದರು. "ನಮ್ಮ ಕತ್ತಾಳೆ ಬೇಲಿ ಇದರ ಮುಂದೆ ಏನೂ ಅಲ್ಲ. ಇದರ ಹಿಂದೆ ಒಬ್ಬ ಮೆಷಿನ್ ಗನ್ ಇಟ್ಕೊಂಡು ಕೂತ್ರೆ ಒಂದು ಪ್ಲಟೂನ್ ತಡೀಬಹುದು."

ಈ ಬೇಲಿಗಳ ಹಿಂದೆ ಜರ್ಮನರ ನಾಲ್ಕು 105 ಮಿಲಿಮೀಟರ್ ಫಿರಂಗಿಗಳಿದ್ದವು. ಅವು ಯೂಟಾ ಕಡಲತೀರದಿಂದ ಒಳಗೆ ಬರುವ ರಸ್ತೆಯ ಮೇಲೆ ಗುಂಡು ಸುರಿಯುತ್ತಿದ್ದವು. ಅವತ್ತು ಆ ತೀರದಲ್ಲಿ 20,000ಕ್ಕೂ ಜಾಸ್ತಿ ಸೈನಿಕರು ಇಳಿಯಬೇಕಿತ್ತು. ಫಿರಂಗಿಯಿಂದ ಫಿರಂಗಿಗೆ ಕಂದಕ ತೋಡಿತ್ತು. ಕಾಯಲು ಸುಮಾರು 50 ಮಂದಿ. ವಿಂಟರ್ಸ್‌ಗೆ ಬಂದ ಆದೇಶ ಒಂದೇ ಸಾಲಿನದು, ಆ ಫಿರಂಗಿ ನಿಲ್ಲಿಸಿ ಅಂತ. ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರೂ ಹೇಳಲಿಲ್ಲ.

ಅವರು ಮೊದಲು ಒಬ್ಬರೇ ತೆವಳಿಕೊಂಡು ಹೋಗಿ ನೋಡಿ ಬಂದರು. ಎಲ್ಲರ ಹೊರೆ ಇಳಿಸಿ ಬರೀ ಗುಂಡು, ಗ್ರೆನೇಡ್ ಇಟ್ಟುಕೊಳ್ಳಲು ಹೇಳಿದರು. ಎರಡು ಮೆಷಿನ್ ಗನ್‌ಗಳನ್ನು ಎದುರಿಗೆ ಇಟ್ಟು ಜರ್ಮನರು ತಲೆ ಎತ್ತದ ಹಾಗೆ ಮಾಡಿದರು. ಅವರ ಕಂಪನಿಯ ಲಿಪ್ಟನ್ ಪಕ್ಕಕ್ಕೆ ಹೋಗಿ ಮರ ಹತ್ತಿ ಅಲ್ಲಿಂದ ಹೊಡೆದರು. ಕಾಂಪ್ಟನ್, ಗಾರ್ನಿಯರ್, ಮಲಾರ್ಕಿ ಬದಿಯಿಂದ ನುಗ್ಗಿ ಗ್ರೆನೇಡ್ ಎಸೆದರು. ಮೊದಲ ಫಿರಂಗಿ ಸಿಕ್ಕಿತು. ಅಲ್ಲಿಂದ ಜರ್ಮನರು ತೋಡಿದ್ದ ಕಂದಕದಲ್ಲೇ ಓಡಿ ಎರಡನೆಯದು, ಮೂರನೆಯದು. ಕೊನೆಯದನ್ನು ಬೇರೆ ಕಂಪನಿಯ ರೊನಾಲ್ಡ್ ಸ್ಪಿಯರ್ಸ್ ತಮ್ಮವರ ಜೊತೆ ಬಂದು ಹಿಡಿದರು. ಎಲ್ಲ ಸೇರಿ ಮೂರು ಗಂಟೆ.

ಒಂದು ಫಿರಂಗಿಯ ಹತ್ತಿರ ವಿಂಟರ್ಸ್‌ಗೆ ಒಂದು ನಕ್ಷೆ ಸಿಕ್ಕಿತು. ಆ ಭಾಗದ ಜರ್ಮನ್ ಫಿರಂಗಿಗಳೆಲ್ಲ ಎಲ್ಲೆಲ್ಲಿವೆ ಅಂತ ಅದರಲ್ಲಿತ್ತು. ಗೆಳೆಯ ಲೂಯಿಸ್ ನಿಕ್ಸನ್ ಆ ನಕ್ಷೆ ತೆಗೆದುಕೊಂಡು ಕಡಲತೀರದವರೆಗೆ ಓಡಿದರು. ಫಿರಂಗಿ ಹಿಡಿದದ್ದಕ್ಕಿಂತ ಈ ಕಾಗದ ಉಳಿಸಿದ ಜೀವಗಳೇ ಜಾಸ್ತಿ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಅಪ್ಪ ರಸ್ತೆಯ ಈ ಕಡೆಯಿಂದ ಆ ಕಡೆ ಎರಡು ಸಲ ನಡೆದರು. ಬೆರಳಲ್ಲಿ ಅಳತೆ ಹಾಕಿದರು. ಆಮೇಲೆ ಹೇಳಿದರು, "ಇವರು ಹೊಸಬರು ಅಲ್ವಾ? ಮೊದಲ ಸಲ ಗುಂಡಿನ ಸದ್ದು ಕೇಳಿದೋರು. ಆದ್ರೂ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗಿದ್ದಾರೆ. ಅದು ಆ ಬೆಟ್ಟ ಕೊಟ್ಟಿದ್ದು."

ಈ ಮನೆಯ ಮಗ ಮಿಷೆಲ್ ದ ವಲ್ಲವಿಯೆಯ್ ಕಥೆ ನನಗೆ ಮರೆಯಲಾಗದು. ಅವರಿಗಾಗ 24 ವರ್ಷ. ಅವತ್ತೇ ಅಮೆರಿಕದ ಪ್ಯಾರಾ ಸೈನಿಕರು ತಪ್ಪು ತಿಳಿದು ಅವರಿಗೆ ಗುಂಡು ಹೊಡೆದರು. ಅವರನ್ನು ಇಂಗ್ಲೆಂಡಿಗೆ ಸಾಗಿಸಿ ಚಿಕಿತ್ಸೆ ಕೊಡಿಸಿದರು, ಬದುಕಿದರು. ಮುಂದೆ ಸೇಂಟ್ ಮರೀ ದು ಮೋಂ ಊರಿನ ಮೇಯರ್ ಆದರು. 1962ರಲ್ಲಿ ಯೂಟಾ ತೀರದಲ್ಲಿ, ತಮಗೆ ಗುಂಡು ಹೊಡೆದವರ ನೆನಪು ಉಳಿಸಲು, ಮ್ಯೂಸಿಯಂ ಕಟ್ಟಿದವರು ಅವರೇ.

ಮೂರನೇ ದಿನ, ಸೆಪ್ಟೆಂಬರ್ 14

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಯೂಟಾ ತೀರಕ್ಕೆ ಹೋಗುವ ರಸ್ತೆ ಪಕ್ಕ ವಿಂಟರ್ಸ್ ಪ್ರತಿಮೆ ಇದೆ. 2012ರ ಜೂನ್ 6ರಂದು ನಿಲ್ಲಿಸಿದ್ದು, ಅವರು ತೀರಿಕೊಂಡ ಮರುವರ್ಷ. ತಮ್ಮ ಮುಖ ಇರಬಹುದು, ಆದರೆ ಅದು ನಾರ್ಮಂಡಿಯಲ್ಲಿ ದುಡಿದ ಎಲ್ಲ ಕಿರಿಯ ಆಫೀಸರ್‌ಗಳ ಹೆಸರಿನಲ್ಲಿ ಇರಬೇಕು, ಹಾಗಾದರೆ ಮಾತ್ರ ಅಂತ ಅವರು ಬದುಕಿದ್ದಾಗಲೇ ಹೇಳಿದ್ದರು.

ಅಲ್ಲಿಂದ ಆಂಗೋವಿಲ್ ಓ ಪ್ಲಾಂ. ಹತ್ತಿಪ್ಪತ್ತು ಮನೆ, ಒಂದು ಪುಟ್ಟ ಚರ್ಚು. 501ನೇ ರೆಜಿಮೆಂಟ್‌ನ ಇಬ್ಬರು ವೈದ್ಯಕೀಯ ಸಹಾಯಕರು, ರಾಬರ್ಟ್ ರೈಟ್ ಮತ್ತು ಕೆನೆತ್ ಮೂರ್, ಈ ಚರ್ಚಿನೊಳಗೆ 80 ಗಾಯಾಳುಗಳನ್ನು ನೋಡಿಕೊಂಡರು. ಅಮೆರಿಕದವರು, ಜರ್ಮನರು, ಜೊತೆಗೆ ಊರಿನ ಒಂದು ಮಗು. ಊರು ಕೈಯಿಂದ ಕೈಗೆ ಬದಲಾಗುತ್ತಿತ್ತು. ಯಾರೇ ಬಂದರೂ ಬಂದೂಕು ಬಾಗಿಲ ಹೊರಗೆ ಅನ್ನುವುದು ಅವರ ಒಂದೇ ಷರತ್ತು. ಬೆಂಚುಗಳ ಮೇಲೆ ರಕ್ತದ ಕಲೆ ಇನ್ನೂ ಇದೆ. ಅಪ್ಪ ಒಂದು ಬೆಂಚಿನ ಕೊನೆಯಲ್ಲಿ, ಕಲೆ ಇಲ್ಲದ ಕಡೆ ನೋಡಿ ಕೂತರು. ಚಪ್ಪಲಿ ಬಿಡಬೇಕಾಗಿತ್ತೇನೋ ಅಂತ ನನ್ನನ್ನು ಮೆಲ್ಲಗೆ ಕೇಳಿದರು. ರೈಟ್ 2013ರಲ್ಲಿ ತೀರಿಕೊಂಡರು. ಅವರ ಸಮಾಧಿ ಇದೇ ಚರ್ಚಿನ ಅಂಗಳದಲ್ಲಿದೆ.

ಸಂಜೆ ಕಾರೆಂಟಾನ್ ಪೇಟೆಯಲ್ಲಿ ನಡೆದೆವು. ಜೂನ್ 12ರ ಬೆಳಗ್ಗೆ ಈಸಿ ಕಂಪನಿ ಈ ಊರೊಳಗೆ ನುಗ್ಗುವಾಗ ಮುಂದಿನವರು ಮೆಷಿನ್ ಗನ್ ಏಟಿಗೆ ಹೆದರಿ ರಸ್ತೆ ಪಕ್ಕದ ಚರಂಡಿಯಲ್ಲಿ ಮಲಗಿಬಿಟ್ಟರು. ವಿಂಟರ್ಸ್ ರಸ್ತೆ ಮಧ್ಯಕ್ಕೆ ಬಂದು, ಕೂಗಿ, ಒದ್ದು ಅವರನ್ನು ಎಬ್ಬಿಸಿದರು. ಅಲ್ಲೇ ಮಲಗಿದ್ದರೆ ಎಲ್ಲರೂ ಸಾಯುತ್ತಿದ್ದರು. ಅವತ್ತು ಅವರ ಕಾಲಿಗೂ ಗುಂಡಿನ ಚೂರು ತಾಗಿತು. ಜೂನ್ 6ರಂದು ಜಿಗಿದವರು 139. ತಿಂಗಳ ಕೊನೆಗೆ ಉಳಿದವರು 74.

ಬ್ರೆಕೂರ್‌ಗಾಗಿ ವಿಂಟರ್ಸ್ ಹೆಸರನ್ನು ಅಮೆರಿಕದ ಅತಿ ದೊಡ್ಡ ಪದಕ ಮೆಡಲ್ ಆಫ್ ಆನರ್‌ಗೆ ಕಳಿಸಿದ್ದರು. ಆದರೆ ನಾರ್ಮಂಡಿಗೆ ಡಿವಿಜನ್ನಿಗೆ ಒಂದೇ ಅಂತ ತೀರ್ಮಾನವಾಗಿತ್ತು. ಅದು ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಕೋಲ್‌ಗೆ ಹೋಯಿತು. ಜೂನ್ 11ರಂದು, ಇದೇ ಕಾರೆಂಟಾನ್ ಅಂಚಿನಲ್ಲಿ, ಬಯೊನೆಟ್ ಹಿಡಿದು ತಮ್ಮವರನ್ನು ಶತ್ರುವಿನ ಮೇಲೆ ನಡೆಸಿದವರು. ವಿಂಟರ್ಸ್‌ಗೆ ಎರಡನೇ ದೊಡ್ಡ ಪದಕ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಸಿಕ್ಕಿತು. ಕೋಲ್ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ನಾಲ್ಕನೇ ದಿನ, ಸೆಪ್ಟೆಂಬರ್ 15

ಇಡೀ ದಿನ ಕಾರಿನಲ್ಲಿ. ರೀಮ್ಸ್ ದಾಟಿದ ಮೇಲೆ ನಾವು ಹಿಡಿದದ್ದು ಹೆಚ್ಚುಕಡಿಮೆ ಅವರದೇ ದಾರಿ. 1944ರ ಡಿಸೆಂಬರ್‌ನಲ್ಲಿ 101ನೇ ಡಿವಿಜನ್ ರೀಮ್ಸ್ ಹತ್ತಿರದ ಮೂರ್‌ಮೆಲೋನ್‌ನಲ್ಲಿ ಸುಧಾರಿಸಿಕೊಳ್ಳುತ್ತಿತ್ತು. ಜರ್ಮನರು ಆರ್ಡೆನ್ ಕಾಡಿನಿಂದ ದಿಢೀರನೆ ನುಗ್ಗಿದಾಗ ಇವರನ್ನು ತೆರೆದ ಟ್ರಕ್ಕುಗಳಲ್ಲಿ ತುಂಬಿ ಬೆಲ್ಜಿಯಂನ ಬಸ್ತೋನ್‌ಗೆ ಕಳಿಸಿದರು. ಚಳಿಗಾಲದ ಬಟ್ಟೆ ಇರಲಿಲ್ಲ, ಗುಂಡು ಸಾಕಷ್ಟಿರಲಿಲ್ಲ. ನಾವು ಹೀಟರ್ ಹಾಕಿಕೊಂಡು ಹೋದೆವು. ರಾತ್ರಿ ಊಟಕ್ಕೆ ಬಿಸಿ ಸೂಪು, ಬ್ರೆಡ್.

ಐದನೇ ದಿನ, ಸೆಪ್ಟೆಂಬರ್ 16

ಬಸ್ತೋನ್‌ನಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಫುವಾ ಹಳ್ಳಿ. ಅದರ ಎದುರು ಬ್ವಾ ಜಾಕ್ ಕಾಡು. ಹೊರಗೆ ಬಿಸಿಲು ಚೆನ್ನಾಗಿತ್ತು. ಕಾಡಿನೊಳಗೆ ಕಾಲಿಟ್ಟರೆ ಥಣ್ಣಗೆ, ಮಬ್ಬು. ನೆಲದ ತುಂಬ ಗುಂಡಿಗಳು. ಅರ್ಧ ಮುಚ್ಚಿವೆ, ಪಾಚಿ ಬೆಳೆದಿದೆ, ಆದರೆ ಸಾಲು ಗೊತ್ತಾಗುತ್ತದೆ. ಇವೇ 1944ರ ಡಿಸೆಂಬರ್‌ನಲ್ಲಿ ಆ ಹುಡುಗರು ತೋಡಿಕೊಂಡ ಮೋರ್ಚಾಗಳು.

ಅಪ್ಪ ಒಂದರೊಳಗೆ ಇಳಿಯಲು ಹೋದರು. ಆಮೇಲೆ ಕಾಲು ಹಿಂದೆ ತೆಗೆದುಕೊಂಡರು. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎದುರಿನ ಹಳ್ಳಿ ನೋಡಿದರು. "ಇಲ್ಲಿಂದ ಅವರ ಅಡುಗೆ ಹೊಗೆ ಕಾಣ್ತಿತ್ತು ಅಂತ ಕಾಣ್ಸುತ್ತೆ" ಅಂದರು.

ಮೊದಲ ದಿನಗಳಲ್ಲಿ ಮಂಜು, ವಿಮಾನ ಬರುವಂತಿರಲಿಲ್ಲ. ಸುತ್ತಲೂ ಜರ್ಮನರು. ಡಿಸೆಂಬರ್ 22ರಂದು ಶರಣಾಗಿ ಅಂತ ಅವರು ಚೀಟಿ ಕಳಿಸಿದಾಗ ಅಲ್ಲಿನ ಅಮೆರಿಕದ ಪಡೆಯ ಮುಖ್ಯಸ್ಥ ಜನರಲ್ ಮೆಕಾಲಿಫ್ 'ನಟ್ಸ್' ಅಂತ ಒಂದೇ ಪದದ ಉತ್ತರ ಕೊಟ್ಟರು. ಆಗೋದಿಲ್ಲ ಹೋಗ್ರೋ ಅನ್ನುವ ಹಾಗೆ. 26ರಂದು ಅಮೆರಿಕದ ಜನರಲ್ ಪ್ಯಾಟನ್ ಅವರ ಟ್ಯಾಂಕುಗಳು ದಾರಿ ಬಿಡಿಸಿಕೊಂಡು ಬಂದವು. ಆದರೆ ಈ ಕಾಡಿನಲ್ಲಿ ಕೂತವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಫಿರಂಗಿ ಗುಂಡು ಮರದ ತುದಿಗೆ ಬಡಿದು ಸಿಡಿಯುತ್ತಿತ್ತು. ಕಬ್ಬಿಣದ ಚೂರಿನ ಜೊತೆ ಮರದ ಚೂರೂ ಮೇಲಿಂದ ಸುರಿಯುತ್ತಿತ್ತು. ಕಾಲು ಕೊಳೆತವರು ಎಷ್ಟೋ ಜನ. ಕಾಲುಚೀಲದ ಬಗ್ಗೆ ಅಪ್ಪ ಹೇಳಿದ್ದು ಆಗ ನನಗೆ ಸರಿಯಾಗಿ ನಾಟಿತು.

ವಿಂಟರ್ಸ್ ಅಷ್ಟರಲ್ಲಿ ಬೆಟಾಲಿಯನ್ನಿನ ಎರಡನೇ ಅಧಿಕಾರಿಯಾಗಿದ್ದರು. ಈಸಿ ಕಂಪನಿ ಇನ್ನು ಅವರ ಕೈಯಲ್ಲಿರಲಿಲ್ಲ. 1945ರ ಜನವರಿ 13ರಂದು ಕಂಪನಿ ಫುವಾ ಮೇಲೆ ದಾಳಿ ಮಾಡಿತು. ಬಯಲಿನ ಮಧ್ಯೆ ಹೊಸ ಕಮಾಂಡರ್ ದಿಕ್ಕು ತೋಚದೆ ನಿಂತುಬಿಟ್ಟರು. ವಿಂಟರ್ಸ್ ಈ ಕಾಡಿನ ಅಂಚಿನಿಂದ ನೋಡುತ್ತಿದ್ದರು. ಬಂದೂಕು ಹಿಡಿದು ತಾವೇ ಓಡಲು ಹೊರಟರು. ಇಡೀ ಬೆಟಾಲಿಯನ್ ಬಿಟ್ಟು ಹೋಗುವಂತಿರಲಿಲ್ಲ. ತಿರುಗಿ ನೋಡಿದಾಗ ಕಂಡ ಸ್ಪಿಯರ್ಸ್‌ಗೆ ಹೋಗಿ ಕಂಪನಿ ವಹಿಸಿಕೊಳ್ಳಿ ಅಂದರು. ಸ್ಪಿಯರ್ಸ್ ಓಡಿದರು, ಊರು ಸಿಕ್ಕಿತು.

ನನಗೆ ಈ ಜಾಗದಲ್ಲಿ ಹೊಟ್ಟೆ ಕಿವುಚಿದಂತಾಯಿತು. ಬಡ್ತಿ ಅಂದರೆ ಹೀಗೂ ಇರುತ್ತದೆ. ಬೆಳೆಸಿದ ಹುಡುಗರು ಕಣ್ಣೆದುರು ಬೀಳುವಾಗ ಕಾಡಿನ ಅಂಚಿನಲ್ಲಿ ನಿಂತಿರಬೇಕು.

ಹತ್ತಿರದ ರೆಕೋನ್‌ನಲ್ಲಿ ಜರ್ಮನ್ ಸೈನಿಕರ ಸ್ಮಶಾನವಿದೆ. 6,800 ಜನ. ಗಿಡ್ಡ ಕಲ್ಲು ಶಿಲುಬೆಗಳು. ವಯಸ್ಸು ಲೆಕ್ಕ ಹಾಕುತ್ತಾ ಹೋದೆ, ಎಷ್ಟೋ ಜನಕ್ಕೆ 18, 19. ಅಪ್ಪ ಅಲ್ಲೂ ಟೋಪಿ ತೆಗೆದರು.

ರಾತ್ರಿ ರೂಮಿನಲ್ಲಿ ಅಗೆನೋ ಕಥೆ ಹೇಳಿದೆ. 1945ರ ಫೆಬ್ರವರಿ. ಫ್ರಾನ್ಸ್‌ನ ಅಗೆನೋ ಊರಿನಲ್ಲಿ ನದಿಯ ಈಚೆ ಇವರು, ಆಚೆ ಜರ್ಮನರು. ರಾತ್ರಿ ನದಿ ದಾಟಿ ಕೈದಿಗಳನ್ನು ಹಿಡಿದು ತರಲು ಆದೇಶ ಬಂತು. ಹೋದರು, ತಂದರು, ಒಬ್ಬ ಹುಡುಗ ಸತ್ತ. ಮರುದಿನ ರಾತ್ರಿ ಮತ್ತೆ ಹೋಗಿ ಅಂತ ಕರ್ನಲ್ ಸಿಂಕ್ ಹೇಳಿದರು. ಯುದ್ಧ ಮುಗಿಯುತ್ತಾ ಬಂದಿತ್ತು. ವಿಂಟರ್ಸ್ ಹುಡುಗರನ್ನು ಸೇರಿಸಿ, ಯಾರೂ ಹೋಗಬೇಡಿ, ಮಲಗಿ ಅಂದರು. ಬೆಳಗ್ಗೆ, ಹೋದೆವು, ಯಾರೂ ಸಿಗಲಿಲ್ಲ ಅಂತ ವರದಿ ಕೊಟ್ಟರು.

ಸೋಬೆಲ್ ವಿಷಯದಲ್ಲಿ ಅಷ್ಟು ಬೇಜಾರು ಮಾಡಿಕೊಂಡಿದ್ದ ಅಪ್ಪ ಇದಕ್ಕೇನು ಹೇಳುತ್ತಾರೋ ಅಂತ ಕಾದೆ. ಅವರು ದೀಪ ಆರಿಸಿ ಹೊದ್ದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕತ್ತಲಿನಲ್ಲೇ, "ಆ ಸಾಹೇಬ್ರ ಕೆಳಗೆ ನಾನೂ ಇರ್ತಿದ್ದೆ" ಅಂದರು.

ಆರನೇ ದಿನ, ಸೆಪ್ಟೆಂಬರ್ 17

ಮಾಸ್ಟ್ರಿಕ್ಟ್ ಹತ್ತಿರದ ಮಾರ್ಗ್ರಾಟನ್‌ನಲ್ಲಿ ಅಮೆರಿಕದ ಸೈನಿಕರ ಸ್ಮಶಾನವಿದೆ. 8,000ಕ್ಕೂ ಜಾಸ್ತಿ ಬಿಳಿ ಶಿಲುಬೆಗಳು, ನಡುನಡುವೆ ಯಹೂದಿಗಳ ನಕ್ಷತ್ರ. ಇಲ್ಲಿನ ಪ್ರತಿಯೊಂದು ಸಮಾಧಿಯನ್ನೂ ಒಂದೊಂದು ಮನೆಯವರು ದತ್ತು ತೆಗೆದುಕೊಂಡಿದ್ದಾರೆ. ಹೂವು ತರುತ್ತಾರೆ, ಸತ್ತವನ ಮನೆಗೆ ಕಾಗದ ಬರೆಯುತ್ತಾರೆ. ಅಜ್ಜಿ ನೋಡಿಕೊಂಡ ಸಮಾಧಿಯನ್ನು ಈಗ ಮೊಮ್ಮಗಳು ನೋಡಿಕೊಳ್ಳುತ್ತಾಳೆ. ಹೊಸಬರಿಗೆ ಸಿಗುವುದಿಲ್ಲ, ಕಾಯುವವರ ಪಟ್ಟಿಯೇ ಇದೆ.

ನಾವು ಹುಡುಕಿದ್ದು ರಾಬರ್ಟ್ ಕೋಲ್ ಸಮಾಧಿ. ಚಿನ್ನದ ಬಣ್ಣದ ಅಕ್ಷರ ಇರುವುದರಿಂದ ಬೇಗ ಗೊತ್ತಾಗುತ್ತದೆ. ವಿಂಟರ್ಸ್‌ಗೆ ಸಿಗದ ಪದಕ ಸಿಕ್ಕಿದ್ದು ಇವರಿಗೆ. ಆದರೆ ಅದು ಇವರ ಕೈ ಸೇರಲೇ ಇಲ್ಲ. 1944ರ ಸೆಪ್ಟೆಂಬರ್ 18ರಂದು, ಐಂಡ್‌ಹೋವನ್ ಬಿಡುಗಡೆಯಾದ ಅದೇ ದಿನ, ಪಕ್ಕದ ಬೆಸ್ಟ್ ಊರಿನಲ್ಲಿ ಗುಂಡು ಬಿದ್ದು ಸತ್ತರು. ಪದಕವನ್ನು ಅವರ ತಾಯಿಗೆ ಕೊಟ್ಟರು. ನಾನು ಬೆಸ್ಟ್ ಸ್ಟೇಷನ್ ದಾಟಿ ಎಷ್ಟು ಸಲ ರೈಲಿನಲ್ಲಿ ಹೋಗಿದ್ದೇನೆ!

ಮಧ್ಯಾಹ್ನ ಐಂಡ್‌ಹೋವನ್ ಪಕ್ಕದ ಸೋನ್ ಹತ್ತಿರದ ಬಯಲಿಗೆ ಬಂದೆವು. 1944ರ ಸೆಪ್ಟೆಂಬರ್ 17 ಭಾನುವಾರ. ಈ ಸಲವೂ ಭಾನುವಾರ. ಹಗಲಲ್ಲೇ ಜಿಗಿದ ಸೈನಿಕರು ಇಲ್ಲಿಂದ ಕಾಲುವೆ ಸೇತುವೆಗೆ ಓಡಿದರು. ಮುಟ್ಟುವಷ್ಟರಲ್ಲಿ ಜರ್ಮನರು ಅದನ್ನು ಸಿಡಿಸಿಬಿಟ್ಟರು. ಅಪ್ಪ ಬಯಲನ್ನು ನೋಡಿ ಒಂದೇ ಮಾತಂದರು, "ಒಳ್ಳೇ ಡ್ರಾಪ್ ಝೋನ್. ಮೆತ್ತನೆ ನೆಲ."

ಏಳನೇ ದಿನ, ಸೆಪ್ಟೆಂಬರ್ 18

ಬೆಳಗ್ಗೆ ಉತ್ತರಕ್ಕೆ ಒಂದು ಗಂಟೆ ಪ್ರಯಾಣ, ರಾಂಡ್ವೈಕ್ ಊರಿನ ನದಿ ಏರಿಗೆ. ನಮ್ಮ ಕೆರೆ ಏರಿಯ ಹಾಗೇ ಇದೆ, ಆದರೆ ಮೈಲಿಗಟ್ಟಲೆ ಉದ್ದ. ಕೆಳಗೆ ಸೇಬಿನ ತೋಟ, ಕುರಿ. 1944ರ ಅಕ್ಟೋಬರ್ 5ರ ಮುಂಜಾನೆ ವಿಂಟರ್ಸ್ 35 ಜನರನ್ನು ಕಟ್ಟಿಕೊಂಡು ಈ ಏರಿಯ ಹಿಂದೆ ಅಡಗಿದ್ದ, ನಾಜಿಗಳ ಎಸ್‌ಎಸ್ ಪಡೆಯ ಎರಡು ಕಂಪನಿಗಳನ್ನು ಓಡಿಸಿದರು. ಬಯಲು ದಾಟಿ ಎಲ್ಲರಿಗಿಂತ ಮುಂದೆ ಓಡಿ ಏರಿ ಹತ್ತಿದವರು ಅವರೇ. ನಾಲ್ಕು ದಿನ ಆದ ಮೇಲೆ ಅವರಿಗೆ ಬಡ್ತಿ ಬಂತು. ಕಂಪನಿ ಕಮಾಂಡರ್ ಆಗಿ ಅವರು ನಡೆಸಿದ ಕೊನೆಯ ದಾಳಿ ಇದು. ಸತ್ತವರು ಒಬ್ಬರು, ಡ್ಯೂಕ್‌ಮನ್ ಅಂತ. ಗಾಯಗೊಂಡವರು 22.

ಏರಿ ಮೇಲೆ ಹುಲ್ಲಿನಲ್ಲಿ ಕೂತು ಹುರಿಗಾಳು ತಿಂದೆವು. "ಆಮೇಲೆ ಏನಾದ್ರು ಅವರು?" ಅಂತ ಅಪ್ಪ ಕೇಳಿದರು.

ಹೇಳಿದೆ. 1945ರ ಮಾರ್ಚ್‌ನಲ್ಲಿ ಮೇಜರ್. ಏಪ್ರಿಲ್ ಕೊನೆಗೆ ಜರ್ಮನಿಯ ಲ್ಯಾಂಡ್ಸ್‌ಬರ್ಗ್ ಹತ್ತಿರ ನಾಜಿಗಳ ಕ್ಯಾಂಪ್ ಕಂಡರು, ಮೂಳೆ ಚಕ್ಕಳವಾದ ಜನರನ್ನು ಕಂಡರು. ಯುದ್ಧ ಮುಗಿದ ಮೇಲೆ ಆಸ್ಟ್ರಿಯಾದಲ್ಲಿದ್ದರು. ಸೈನ್ಯದಲ್ಲೇ ಉಳಿಯಿರಿ ಅಂದರು, ಇವರು ಬೇಡ ಅಂದರು. 1951ರಲ್ಲಿ ಕೊರಿಯಾ ಯುದ್ಧಕ್ಕೆ ಮತ್ತೆ ಕರೆ ಬಂತು. ವಾಷಿಂಗ್ಟನ್‌ಗೆ ಹೋಗಿ ಜನರಲ್ ಮೆಕಾಲಿಫ್ ಅವರನ್ನೇ ಕಂಡು, ನಾನು ಯುದ್ಧ ಸಾಕಷ್ಟು ನೋಡಿದ್ದೇನೆ ಅಂದರು. ಹೊಸಬರಿಗೆ ತರಬೇತಿ ಕೊಡಲು ಫೋರ್ಟ್ ಡಿಕ್ಸ್‌ಗೆ ಹಾಕಿದರು. ಅಲ್ಲಿಂದ ರೇಂಜರ್ ತರಬೇತಿಯನ್ನೂ ಮುಗಿಸಿದರು. ಕೊನೆಗೆ ಕೊರಿಯಾಕ್ಕೆ ಆದೇಶ ಬಂದು ಸಿಯಾಟಲ್‌ವರೆಗೆ ಹೋದಾಗ, ಬೇಕಾದರೆ ರಾಜೀನಾಮೆ ಕೊಡಬಹುದು ಅಂದರು. ಕೊಟ್ಟು ಮನೆಗೆ ಬಂದರು.

ನಾರ್ಮಂಡಿಯ ಮೊದಲ ರಾತ್ರಿ ಮಲಗುವ ಮೊದಲು ಅವರು ತಮಗೆ ತಾವೇ ಒಂದು ಮಾತು ಕೊಟ್ಟುಕೊಂಡಿದ್ದರು. ಬದುಕಿ ವಾಪಸಾದರೆ ಎಲ್ಲಾದರೂ ಒಂದು ತುಂಡು ಭೂಮಿ ತೆಗೆದುಕೊಂಡು ನೆಮ್ಮದಿಯಾಗಿ ಇರುತ್ತೇನೆ ಅಂತ. ಪೆನ್ಸಿಲ್ವೇನಿಯಾದ ಬೆಟ್ಟದ ತಪ್ಪಲಿನಲ್ಲಿ ಹೊಲ ತೆಗೆದುಕೊಂಡರು, ಮನೆ ಕಟ್ಟಿದರು, ಹೈನುಗಾರರಿಗೆ ದನದ ಮೇವು ಮಾರುವ ಕೆಲಸ ಮಾಡಿದರು. 2011ರ ಜನವರಿವರೆಗೆ, 92 ವರ್ಷ, ಬದುಕಿದರು.

"ಎಷ್ಟು ಎಕರೆ?" ಅಂತ ಅಪ್ಪ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಕೆಳಗಿನ ತೋಟದ ಕಡೆ ನೋಡುತ್ತಾ, ಈ ಮಣ್ಣಲ್ಲಿ ಏನೇನು ಬೆಳೆಯಬಹುದು ಅಂತ ತಾವೇ ಲೆಕ್ಕ ಹಾಕತೊಡಗಿದರು.

ಸಂಜೆ ಐಂಡ್‌ಹೋವನ್ ಚೌಕಕ್ಕೆ ಹೋದೆವು. ಅಲ್ಲಿ ಹಚ್ಚುವ ಬೆಂಕಿ ಬರುವುದು ನಾರ್ಮಂಡಿಯ ಬಾಯೂ ಊರಿನಿಂದ. ಓಟಗಾರರು ಪಂಜು ಹಿಡಿದು ಕೈಯಿಂದ ಕೈಗೆ ಕೊಡುತ್ತಾ ಅಲ್ಲಿಂದ ಇಲ್ಲಿಯವರೆಗೆ ತರುತ್ತಾರೆ. ಬಾಯೂ ಬೋರ್ಡನ್ನು ನಾವು ಹೆದ್ದಾರಿಯಲ್ಲಿ ನೋಡಿದ್ದೆವು. ಜನ ದಾರಿ ಬಿಟ್ಟರು. ಬೆವರು ಸುರಿಯುತ್ತಾ ಓಟಗಾರರು ಬಂದರು. ಅಪ್ಪ ಪಂಜು ನೋಡಲಿಲ್ಲ, ಅವರ ಕಾಲು ನೋಡಿದರು. ಬೆಂಕಿ ಹತ್ತಿಕೊಂಡಾಗ ಪಕ್ಕದ ಮನೆಯ ಅಜ್ಜಿ ಗುಂಪಿನಲ್ಲಿ ನಮ್ಮನ್ನು ಕಂಡು ಬಂದು ಅಪ್ಪನ ಕೈ ಹಿಡಿದುಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಹಾಗೇ ನಿಂತರು.

ಆಗ ನನ್ನ ಫೋನ್ ಹೊಡೆದುಕೊಂಡಿತು. ಊರಿಂದ ಅಮ್ಮ. ಅಲ್ಲಿ ರಾತ್ರಿ ಹನ್ನೊಂದೂವರೆ ದಾಟಿತ್ತು. ಗಾಬರಿಯಲ್ಲಿ ಎತ್ತಿದೆ. ಗುಡುಗಿಗೆ ಎಚ್ಚರವಾಯಿತಂತೆ. ಒಂದು ಗಂಟೆಯಿಂದ ಜೋರು ಮಳೆ, ಅಪ್ಪನಿಗೆ ಹೇಳು ಅಂದರು.

"ಮಳೆ ಅಂತೆ" ಅಂದೆ.

"ರಾಗಿಗೆ ಬೇಕಿತ್ತು" ಅಂದರು ಅಪ್ಪ, ಅಜ್ಜಿಯ ಕೈ ಬಿಡದೆ.